ಬಿಪಿ ಗುಳಿಗೆ ಪುಕ್ಕಟೆ, ಅದನ್ನು ತರಲು ಹೋದ ದಿನದ ಕೂಲಿ? ಹಳ್ಳಿಯ ರಕ್ತದೊತ್ತಡ ಆರೈಕೆಯ ಖರ್ಚನ್ನು ಹೇಗೆ ಲೆಕ್ಕ ಹಾಕಬೇಕು?

ರಾಯಚೂರು ಸಿಎಚ್‌ಒ
ಭಾನುವಾರ, ರಾತ್ರಿ 9:40

ನಾನು ರಾಯಚೂರು ಜಿಲ್ಲೆಯ ಒಂದು ಸಬ್‌ಸೆಂಟರಿನಲ್ಲಿ ಸಮುದಾಯ ಆರೋಗ್ಯ ಅಧಿಕಾರಿ. ಹದಿನೈದು ದಿನದಿಂದ ಒಂದು ಲೆಕ್ಕ ತಲೆಯಿಂದ ಇಳಿಯುತ್ತಿಲ್ಲ. ಇಲ್ಲಿ ಬರೆಯುತ್ತೇನೆ, ತಪ್ಪಿದ್ದರೆ ತಿಳಿದವರು ತಿದ್ದಿ.

ನಮ್ಮ ವ್ಯಾಪ್ತಿಯ ತಾಂಡಾದಲ್ಲಿ ಒಬ್ಬ ಕಾಕಾ ಇದ್ದಾರೆ. ಹತ್ತಿ ಬಿಡಿಸುವುದು, ಭತ್ತದ ನಾಟಿ, ಏನು ಸಿಕ್ಕರೆ ಆ ಕೂಲಿ. ಮನೆಮನೆ ತಪಾಸಣೆಯಲ್ಲಿ ಬಿಪಿ 170ರ ಮೇಲೆ ಸಿಕ್ಕಿತ್ತು. ಬಿಪಿ ಇಳಿಸುವ ಅಮ್ಲೋಡಿಪಿನ್ ಗುಳಿಗೆ ಶುರು ಮಾಡಿಸಿದೆವು. ನಾಲ್ಕು ತಿಂಗಳು ತಪ್ಪದೆ ತಗೊಂಡರು, 138ಕ್ಕೆ ಇಳಿಯಿತು. ಅಷ್ಟರಲ್ಲಿ ಸಬ್‌ಸೆಂಟರಿನಲ್ಲಿ ಗುಳಿಗೆ ಖಾಲಿಯಾಗಿ, 11 ಕಿಲೋಮೀಟರ್ ದೂರದ ಪಿಎಚ್‌ಸಿಗೆ ಹೋಗಿ ಎಂದು ಹೇಳಬೇಕಾಯಿತು. ಒಂದು ಸಲ ಹೋದರು, ಆಮೇಲೆ ಬಿಟ್ಟರು. ಮನೆಗೆ ಹೋಗಿ ಕೇಳಿದರೆ, "ಗುಳಗಿ ಪುಕ್ಕಟೆ ಕೊಡ್ತೀರಿ ಸಿಸ್ಟರ್, ಖರೇನ. ಅದಕ್ಕಂತ ಹೋದ ದಿನದ ಕೂಲಿ ಯಾರ ಕೊಡ್ತಾರ್ರೀ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಹೋದ ತಿಂಗಳು ಲಕ್ವಾ ಹೊಡೆಯಿತು. ಬಲಗೈ ಏಳುತ್ತಿಲ್ಲ, ಮಾತು ತೊದಲುತ್ತದೆ. ನೋಡಿಕೊಳ್ಳಲು ಮನೆಯಲ್ಲೇ ಉಳಿದ ಕಾಕಿಯ ಕೂಲಿಯೂ ನಿಂತಿದೆ.

ಅವರು ಕೇಳಿದ್ದನ್ನೇ ಲೆಕ್ಕ ಮಾಡಿದೆ. 2025-26ಕ್ಕೆ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ. ತಿಂಗಳಿಗೊಂದು ದಿನ ಗುಳಿಗೆಗಾಗಿ ಹೋದರೆ ವರ್ಷಕ್ಕೆ 12 ದಿನ, 4,440 ರೂಪಾಯಿ. ಬಸ್ಸಿನ ಖರ್ಚು ಬೇರೆ. ಹೆಂಗಸರಿಗೆ 2023ರಿಂದ ಶಕ್ತಿ ಯೋಜನೆಯಲ್ಲಿ ಬಸ್ಸು ಉಚಿತ, ಗಂಡಸರಿಗಿಲ್ಲ. ನಮ್ಮಲ್ಲಿ ಗುಳಿಗೆ ಬಿಡುವವರಲ್ಲಿ ಗಂಡಸರೇ ಹೆಚ್ಚು ಅನ್ನುವುದಕ್ಕೂ ಇದಕ್ಕೂ ನಂಟಿರಬಹುದು. ಇನ್ನು ಅಮ್ಲೋಡಿಪಿನ್ 5 ಮಿಲಿಗ್ರಾಂ, ಜನೌಷಧಿ ದರದಲ್ಲಿ ಒಂದು ಗುಳಿಗೆಗೆ ಒಂದು ರೂಪಾಯಿ ಅಂತಲೇ ಹಿಡಿಯಿರಿ, ವರ್ಷಕ್ಕೆ 365. ಅಂದರೆ ಗುಳಿಗೆಯ ಬೆಲೆಗಿಂತ ಅದನ್ನು ತರುವ ಖರ್ಚು ಹನ್ನೆರಡು ಪಟ್ಟು. ಆ ಖರ್ಚನ್ನು ಹೊರುವವನು ಊರಿನಲ್ಲೇ ಅತಿ ಬಡವ.

ಇದನ್ನು ಒಂದು ಪರಿಶೀಲನಾ ಸಭೆಯಲ್ಲಿ ಹೇಳಿದೆ. ಗುಳಿಗೆ ಮನೆಬಾಗಿಲಿಗೆ ಮುಟ್ಟಿಸುವುದು, ಬಿಪಿ ಜತೆಗೇ ಶುಗರ್, ಬಾಯಿ ಕ್ಯಾನ್ಸರ್ ತಪಾಸಣೆ, ಎಲ್ಲ ಒಂದೇ ಭೇಟಿಯಲ್ಲಿ ಮಾಡುವುದು "ಖರ್ಚಿನ ಬಾಬತ್ತು" ಎಂಬ ಉತ್ತರ ಬಂತು. ಖರ್ಚು ಹೌದು. ಯಾರ ಖರ್ಚು, ಯಾವುದಕ್ಕೆ ಹೋಲಿಸಿ? ಇಂಥ ಲೆಕ್ಕ ಬಲ್ಲವರು ಇಲ್ಲಿದ್ದರೆ ದಯವಿಟ್ಟು ಬಿಡಿಸಿ ಹೇಳಿ.


ಸಿಂಗಪುರದ ಲೆಕ್ಕಿಗ
ಭಾನುವಾರ, ರಾತ್ರಿ 11:15

ಸಿಸ್ಟರ್, ನಾನು ದಾವಣಗೆರೆಯವನು. ಇಲ್ಲಿ ಆರೋಗ್ಯ ಅರ್ಥಶಾಸ್ತ್ರದಲ್ಲಿ ಕೆಲಸ. ನೀವು ಕೇಳಿದ್ದಕ್ಕೆ ಹತ್ತಿರದ ಉತ್ತರ ನಮ್ಮ ನೆರೆ ದೇಶಗಳಲ್ಲೇ ಇದೆ.

ಬಾಂಗ್ಲಾದೇಶ, ಪಾಕಿಸ್ತಾನ, ಶ್ರೀಲಂಕಾದ 30 ಗ್ರಾಮೀಣ ಸಮುದಾಯಗಳಲ್ಲಿ, ಬಿಪಿ ಇರುವ 2,645 ಜನರನ್ನು ಎರಡು ವರ್ಷ ಹಿಂಬಾಲಿಸಿದ ಅಧ್ಯಯನ ಅದು. ಹೆಸರು ಕೋಬ್ರಾ-ಬಿಪಿಎಸ್, ಮುಂದಾಳು ಇಲ್ಲಿನ ಡ್ಯೂಕ್-ಎನ್‌ಯುಎಸ್ ವೈದ್ಯಕೀಯ ಕಾಲೇಜಿನ ತಜೀನ್ ಜಾಫರ್, ಫಲಿತಾಂಶ ಪ್ರಕಟವಾದದ್ದು 2020ರಲ್ಲಿ. ಅರ್ಧ ಊರುಗಳಲ್ಲಿ ಎಂದಿನ ಆರೈಕೆ. ಇನ್ನರ್ಧದಲ್ಲಿ, ಆಗಲೇ ಸರ್ಕಾರದ ಕೆಲಸದಲ್ಲಿದ್ದ ಕಾರ್ಯಕರ್ತೆಯರು ಮೂರು ತಿಂಗಳಿಗೊಮ್ಮೆ ಮನೆಗೆ ಹೋಗಿ ಬಿಪಿ ನೋಡಿದರು, ಉಪ್ಪು-ಊಟ-ಬೀಡಿ ಬಗ್ಗೆ ಮಾತಾಡಿದರು, ಹೆಚ್ಚಿದ್ದವರನ್ನು ಡಾಕ್ಟರ ಹತ್ತಿರ ಕಳಿಸಿದರು. ಡಾಕ್ಟರಿಗೂ ಯಾವ ಹಂತಕ್ಕೆ ಯಾವ ಔಷಧ ಅಂತ ತರಬೇತಿ. ಪಾಕಿಸ್ತಾನದಲ್ಲಿ ಈ ಕೆಲಸ ಮಾಡಿದವರು ಲೇಡಿ ಹೆಲ್ತ್ ವರ್ಕರ್‌ಗಳು, ನಮ್ಮ ಆಶಾಗಳ ಹಾಗೆ. ಶ್ರೀಲಂಕಾದಲ್ಲಿ ಸರ್ಕಾರಿ ಸೂಲಗಿತ್ತಿಯರು.

ಎರಡು ವರ್ಷದ ಕೊನೆಗೆ ಮೇಲಿನ ಬಿಪಿ (ಎರಡು ಅಂಕಿಗಳಲ್ಲಿ ದೊಡ್ಡದು) ಎಂದಿನ ಆರೈಕೆಯ ಊರುಗಳಿಗಿಂತ ಸರಾಸರಿ 5 ಪಾಯಿಂಟಿನಷ್ಟು ಹೆಚ್ಚು ಇಳಿದಿತ್ತು. 140/90ರ ಒಳಗೆ ಬಂದವರು 53.2 ಶೇಕಡಾ, ಎಂದಿನ ಆರೈಕೆಯಲ್ಲಿ 43.7. ಐದು ಪಾಯಿಂಟ್ ಅಲ್ಪ ಅನಿಸುತ್ತದೆ. ಆದರೆ ಮೇಲಿನ ಬಿಪಿ 5 ಇಳಿದರೆ ಹೃದಯಾಘಾತ, ಲಕ್ವಾದಂಥ ದೊಡ್ಡ ಅನಾಹುತಗಳು ಸುಮಾರು ಹತ್ತನೇ ಒಂದು ಪಾಲು ಕಡಿಮೆಯಾಗುತ್ತವೆ ಎಂಬುದು ಹತ್ತಾರು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿ ಕಂಡುಕೊಂಡ ಸಂಗತಿ.

ಖರ್ಚಿಗೆ ಬರೋಣ. ಇದನ್ನೇ ದೇಶಕ್ಕೆಲ್ಲ ಹರಡಿದರೆ ಎಷ್ಟಾದೀತೆಂದು ಆಮೇಲೆ ಲೆಕ್ಕ ಹಾಕಿದರು. ಮೊದಲ ವರ್ಷ ತರಬೇತಿ, ಬಿಪಿ ಯಂತ್ರ ಎಲ್ಲ ಸೇರಿ ರೋಗಿಯೊಬ್ಬರಿಗೆ ಸುಮಾರು 11 ಡಾಲರ್ ಮೀರಲಿಲ್ಲ, ಮೂರೂ ದೇಶಗಳಲ್ಲಿ. ಹೊಸ ಆಸ್ಪತ್ರೆ ಕಟ್ಟಲಿಲ್ಲ, ಹೊಸ ನೌಕರರನ್ನು ನೇಮಿಸಲಿಲ್ಲ, ಇದ್ದ ಜನರನ್ನೇ ಒಂದಕ್ಕೊಂದು ಜೋಡಿಸಿದರು. ಅಗ್ಗವಾದದ್ದು ಅದಕ್ಕೇ.

ಆದರೆ "ಅಗ್ಗ" ಎನ್ನುವಾಗ ಒಂದು ಎಚ್ಚರ ಬೇಕು. ಹೀಗೆ ಖರ್ಚು ಮಾಡಿ ಆರೋಗ್ಯವಂತ ಬದುಕಿನ ಒಂದು ವರ್ಷ ಉಳಿಸಲು ಎಷ್ಟು ಹಣ ಬೇಕು ಅನ್ನುವುದು ನಮ್ಮ ಅಳತೆ. ಆ ಮೊತ್ತ ದೇಶದ ತಲಾ ಆದಾಯದ ಒಂದರಿಂದ ಮೂರು ಪಟ್ಟಿನೊಳಗಿದ್ದರೆ ಮಾಡಬಹುದು ಎಂಬ ಮಾತು ಬಹುಕಾಲ ಚಾಲ್ತಿಯಲ್ಲಿತ್ತು. ಅದನ್ನು ಕಣ್ಣುಮುಚ್ಚಿ ಬಳಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರೇ 2016ರಲ್ಲಿ ಬರೆದರು. ಬಡ ರಾಜ್ಯದ ಬಜೆಟ್‌ನಲ್ಲಿ ಆ ದುಡ್ಡಿಗೆ ಬೇರೆ ಏನು ಮಾಡಬಹುದಿತ್ತು ಎಂದೂ ಕೇಳಲೇಬೇಕು.

ಇಂಥ ಲೆಕ್ಕಗಳಲ್ಲಿ ಹೆಚ್ಚಿನವು ಸರ್ಕಾರದ ಖಜಾನೆಯ ಕಡೆ ನಿಂತು ಹಾಕಿದವು. ನಿಮ್ಮ ಕಾಕಾನ 4,440 ರೂಪಾಯಿ ಅಲ್ಲಿ ಕಾಣುವುದೇ ಇಲ್ಲ. ಸಮಾಜದ ಕಡೆ ನಿಂತು ನೋಡಿದರೆ ಮಾತ್ರ ಕಾಣುತ್ತದೆ. ಸಭೆಯಲ್ಲಿ "ಖರ್ಚಿನ ಬಾಬತ್ತು" ಅಂದವರೂ ನೀವೂ ಎರಡು ಬೇರೆ ಕಡೆ ನಿಂತು ನೋಡುತ್ತಿದ್ದೀರಿ.


ಕೊಪ್ಪಳ ಆಶಾ
ಸೋಮವಾರ, ಬೆಳಿಗ್ಗೆ 6:50

ಸರ್ ಬರದದ್ದು ಪೂರಾ ಓದೀನಿ. ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. "ಇದ್ದ ಜನರನ್ನೇ ಜೋಡಿಸಿದರು" ಅಂದ್ರಲ್ಲ, ಆ ಇದ್ದ ಜನ ನಾವ.

ಬಾಣಂತಿ ಮನಿಗೆ ಹೋಗೋದು, ಲಸಿಕೆ ದಿನ ಕೂಸುಗಳನ್ನ ಕರಕೊಂಡ್ ಬರೋದು, ಟಿಬಿ ಗುಳಗಿ ನುಂಗ್ಸೋದು, ಮೂವತ್ತು ದಾಟಿದವರ ಫಾರಂ ತುಂಬೋದು, ಎಲ್ಲಾ ನಮ್ಮ ಮ್ಯಾಲ ಐತಿ. ಈಗ ಬಿಪಿ ಗುಳಗಿನೂ ಮನಿಮನಿಗೆ. ಮಾಡಬಾರದು ಅನ್ನಂಗಿಲ್ರಿ. ನಮ್ಮ ಓಣಿಯವರು, ನಮ್ಮ ಅತ್ತಿ ಮಾವನ ವಯಸ್ಸಿನವರು, ಅವರಿಗೆ ಲಕ್ವಾ ಹೊಡದ್ರ ಮೊದಲು ಓಡಿ ಹೋಗಾಕಿ ನಾನ. ಆದ್ರ ಮೂರು ತಾಸು ತಿರುಗಿದ್ದು ಲೆಕ್ಕದಾಗ ಸೊನ್ನೆ ಅಂತ ಬರದ್ರ ಅಗ್ಗ ಆಗದೆ ಇನ್ನೇನ್ ಆಗ್ತೈತ್ರಿ? 2025ರ ಜನವರಿ ಚಳಿಯಾಗ ಬೆಂಗಳೂರಿನ ಫ್ರೀಡಂ ಪಾರ್ಕಿನ್ಯಾಗ ನಾವು ರಾತ್ರಿ ಹಗಲು ಕುಂತದ್ದು ತಿಂಗಳಿಗೆ ಹದಿನೈದು ಸಾವಿರ ಖಾತ್ರಿ ಮಾಡ್ರಿ ಅಂತ ಕೇಳಾಕ.

ಇನ್ನೊಂದು. ಒಂದ ಸಲ ಹೋದಾಗ ಬಿಪಿ, ಶುಗರ್, ಬಸುರಿ ಹೆಂಗಸಿದ್ರ ಆಕಿದೂ, ಎಲ್ಲಾ ನೋಡು ಅಂದ್ರ ಮಾಡಬಹುದು. ಒಂದ ಮನಿಗೆ ನಾಲ್ಕ ಸಲ ಹೋಗೋದು ತಪ್ಪತೈತಿ. ಆದ್ರ ನಾಲ್ಕು ರಿಜಿಸ್ಟರು, ಎರಡು ಆ್ಯಪು ಅಂದ್ರ ಬರಿಯೂದರಾಗ ದಿನ ಹೋಗ್ತೈತಿ. ಕೆಲಸ ಒಂದ ಮಾಡಿದ್ರ ಬರಿಯೂದೂ ಒಂದ ಆಗಬೇಕು.


ಸಿಂಗಪುರದ ಲೆಕ್ಕಿಗ
ಸೋಮವಾರ, ಬೆಳಿಗ್ಗೆ 8:05

ಅಕ್ಕಾ, ನೀವು ಹೇಳಿದ್ದು ನೂರಕ್ಕೆ ನೂರು ಸರಿ, ನಾನು ಬರೆದ ರೀತಿಯಲ್ಲೇ ತಪ್ಪಿತ್ತು. ಸರಿಯಾದ ಲೆಕ್ಕದಲ್ಲಿ ಕಾರ್ಯಕರ್ತೆಯ ಹೊತ್ತಿಗೂ ಬೆಲೆ ಕಟ್ಟುತ್ತಾರೆ. ಕಟ್ಟದಿದ್ದರೆ ಕಾಕಾನ ಕೂಲಿಯನ್ನು ಉಳಿಸಿ ಅದೇ ಭಾರವನ್ನು ನಿಮ್ಮ ಹೆಗಲಿಗೆ ಹಾಕಿದಂತೆ.

ಇದಕ್ಕೆ ಚೀನಾದ ಉದಾಹರಣೆ ಕೊಡುತ್ತೇನೆ. ಅಲ್ಲಿ 326 ಹಳ್ಳಿಗಳಲ್ಲಿ, 33,995 ಜನರ ಮೇಲೆ ಇನ್ನೂ ದೊಡ್ಡ ಪ್ರಯೋಗ ನಡೆಯಿತು. ವೈದ್ಯಕೀಯ ಪದವಿ ಇಲ್ಲದ ಊರ ವೈದ್ಯರೇ ಔಷಧ ಶುರು ಮಾಡಿ, ಹೆಚ್ಚು ಕಡಿಮೆ ಮಾಡಿದರು. ಮೇಲೆ ಪಟ್ಟಣದ ಡಾಕ್ಟರ ಉಸ್ತುವಾರಿ, ಔಷಧ ಉಚಿತ ಇಲ್ಲವೇ ರಿಯಾಯಿತಿ, ಊರ ವೈದ್ಯರಿಗೆ ಕೆಲಸಕ್ಕೆ ತಕ್ಕ ಪ್ರೋತ್ಸಾಹಧನ. ಹದಿನೆಂಟು ತಿಂಗಳಿಗೆ 130/80ರ ಒಳಗೆ ಬಂದವರು 57 ಶೇಕಡಾ, ಉಳಿದ ಹಳ್ಳಿಗಳಲ್ಲಿ 19.9. ಮೂರು ವರ್ಷಕ್ಕೆ ಹೃದಯ ಮತ್ತು ರಕ್ತನಾಳದ ಅನಾಹುತಗಳು ಮೂರನೇ ಒಂದು ಪಾಲು ಕಡಿಮೆ. ಪ್ರೋತ್ಸಾಹಧನ ಅಲ್ಲಿ ಯೋಜನೆಯ ಭಾಗವಾಗಿಯೇ ಇತ್ತು. ಅದನ್ನು ಕಿತ್ತುಹಾಕಿ ಫಲ ಮಾತ್ರ ಬೇಕೆಂದರೆ ಸಿಗುತ್ತದೆಂದು ನಾನು ನಂಬುವುದಿಲ್ಲ.


ಹೊಸೂರು ಕನ್ನಡಿಗ
ಸೋಮವಾರ, ಮಧ್ಯಾಹ್ನ 1:20

ನಮ್ಮ ಕಡೆಯದೂ ಕೇಳಿ. ತಮಿಳುನಾಡಿನ "ಮಕ್ಕಳೈ ತೇಡಿ ಮರುತ್ತುವಂ" (ಜನರನ್ನು ಹುಡುಕಿಕೊಂಡು ಬರುವ ವೈದ್ಯಕೀಯ ಸೇವೆ ಅಂತ ಅರ್ಥ) 2021ರ ಆಗಸ್ಟ್ 5ರಂದು ಶುರುವಾದದ್ದೇ ನಮ್ಮ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ. ನಮ್ಮ ಅಜ್ಜಿಗೆ ಕನ್ನಡ ಬಿಟ್ಟು ಬೇರೆ ಸರಿಯಾಗಿ ಬರಲ್ಲ. ಊರಿನದೇ ಹೆಣ್ಣುಮಗಳು ಬಂದು ಬಿಪಿ ನೋಡಿ ಗುಳಿಗೆ ಕೊಟ್ಟು ಹೋಗುತ್ತಾಳೆ, ಮಂಡಿ ನೋವಿಗೆ ವ್ಯಾಯಾಮ ಮಾಡಿಸುವವರೂ ಬರುತ್ತಾರೆ. ಅಜ್ಜಿ ಗುಳಿಗೆ ತಪ್ಪಿಸದೇ ಇರುವುದು ಆ ಹುಡುಗಿ ಮೇಲಿನ ಅಕ್ಕರೆಗೆ. ಅವಳು ಬರುವ ದಿನ ಖಾಲಿಯಾದ ಗುಳಿಗೆ ಪಟ್ಟಿ ತೋರಿಸಬೇಕಲ್ಲ, ಅದಕ್ಕೆ.

ಕರ್ನಾಟಕದಲ್ಲೂ 2024ರ ಅಕ್ಟೋಬರಿನಲ್ಲಿ ಕೋಲಾರದಿಂದ "ಗೃಹ ಆರೋಗ್ಯ" ಶುರುವಾಯಿತಲ್ಲ, ಆಮೇಲೆ ರಾಜ್ಯಕ್ಕೆಲ್ಲ ಬಂತು ಅಂತಲೂ ಓದಿದೆ. ಹಾಗಿದ್ದರೆ ಸಿಸ್ಟರ್ ಹೇಳುವ ತೊಂದರೆ ಯಾಕೆ?


ರಾಯಚೂರು ಸಿಎಚ್‌ಒ
ಸೋಮವಾರ, ಸಂಜೆ 6:30

ಯೋಜನೆ ಒಳ್ಳೆಯದು, ನಾನೂ ಅದರಲ್ಲಿ ದುಡಿಯುತ್ತಿದ್ದೇನೆ. ರೋಗ ಪತ್ತೆ ಹಚ್ಚುವುದು ಚೆನ್ನಾಗಿ ನಡೆಯುತ್ತದೆ. ಪತ್ತೆಯಾದವರು ಆರನೇ ತಿಂಗಳಿಗೂ, ಹನ್ನೆರಡನೇ ತಿಂಗಳಿಗೂ ಗುಳಿಗೆ ತಗೊಳ್ಳುತ್ತಿದ್ದಾರಾ ಎಂದು ನೋಡುವುದೇ ಕಷ್ಟದ ಕೆಲಸ. ಗುಳಿಗೆ ಕೈಯಲ್ಲಿಲ್ಲದೆ ಮನೆಗೆ ಹೋದರೆ ಬರೀ ಅಂಕಿ ಬರೆದುಕೊಂಡು ಬಂದ ಹಾಗೆ. ನಮ್ಮ ಕಾಕಾ ಪತ್ತೆಯಾಗದೆ ಉಳಿದವರಲ್ಲ.


ಮಲೆನಾಡ ಟೆಕ್ಕಿ
ಸೋಮವಾರ, ರಾತ್ರಿ 8:45

ಯಾರು ಬಂದಿಲ್ಲ ಅಂತ ಪಟ್ಟಿ ತೆಗೆಯುವುದು, ಔಷಧದ ಹಂತ ಸೂಚಿಸುವುದು, ಇದೆಲ್ಲ ಒಂದು ಒಳ್ಳೆ ಆ್ಯಪ್‌ನಿಂದ ಆಗುವ ಕೆಲಸ ಅಲ್ಲವೇ? ಖರ್ಚೂ ಕಡಿಮೆ.


ತಾಲ್ಲೂಕು ಆಸ್ಪತ್ರೆ ಡಾಕ್ಟರು
ಸೋಮವಾರ, ರಾತ್ರಿ 10:10

ಟೆಕ್ಕಿಯವರೇ, ಅದನ್ನು ನಮ್ಮ ರಾಜ್ಯದಲ್ಲೇ ಪರೀಕ್ಷಿಸಿ ನೋಡಿದ್ದಾರೆ. ಕರ್ನಾಟಕ ಮತ್ತು ಹರಿಯಾಣದ 40 ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಎಂವೆಲ್‌ಕೇರ್ ಎಂಬ ಪ್ರಯೋಗ. ಬಿಪಿ, ಶುಗರ್, ಖಿನ್ನತೆ, ಕುಡಿತ, ತಂಬಾಕು ಎಲ್ಲವನ್ನೂ ಒಟ್ಟಿಗೆ ನೋಡಲು ಅರ್ಧ ಕೇಂದ್ರಗಳಲ್ಲಿ ನರ್ಸ್ ಕೈಗೆ ಟ್ಯಾಬ್ಲೆಟ್ ಕಂಪ್ಯೂಟರ್ ಕೊಟ್ಟರು, ಅದು ಡಾಕ್ಟರಿಗೆ ಸಲಹೆ ಕೊಡುತ್ತಿತ್ತು. 2019ರಲ್ಲಿ ಫಲಿತಾಂಶ ಬಂತು. ಒಂದು ವರ್ಷದಲ್ಲಿ ಎರಡೂ ಗುಂಪಿನಲ್ಲಿ ಬಿಪಿ 13 ಪಾಯಿಂಟಿನ ಆಸುಪಾಸು ಇಳಿದಿತ್ತು, ಗುಂಪುಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಹೋಲಿಕೆಯ ಗುಂಪಿನಲ್ಲೂ ಡಾಕ್ಟರಿಗೆ ತರಬೇತಿ, ಗೋಡೆಗೆ ಚಿಕಿತ್ಸೆಯ ಪಟ್ಟಿ ಕೊಟ್ಟಿದ್ದರು. ನಾನು ಅರ್ಥ ಮಾಡಿಕೊಂಡದ್ದು ಇಷ್ಟು: ತರಬೇತಿ ಪಡೆದವರು ಕೂತು ಗಮನ ಕೊಟ್ಟರೆ ಬಿಪಿ ಇಳಿಯುತ್ತದೆ, ತೆರೆಯ ಮೇಲಿನ ಸಲಹೆ ಅದಕ್ಕಿಂತ ಹೆಚ್ಚಿನದನ್ನು ಕೊಡಲಿಲ್ಲ. ತಪ್ಪಿಹೋದವರ ಪಟ್ಟಿಗೆ ಆ್ಯಪ್ ಬೇಕು, ಒಪ್ಪುತ್ತೇನೆ. ಪಟ್ಟಿ ಹಿಡಿದು ತಾಂಡಾಕ್ಕೆ ಹೋಗುವವರು ಇರದಿದ್ದರೆ ಪಟ್ಟಿಯಿಂದೇನು?

2017ರಲ್ಲಿ ಶುರುವಾದ ಭಾರತ ಅಧಿಕ ರಕ್ತದೊತ್ತಡ ನಿಯಂತ್ರಣ ಉಪಕ್ರಮ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಪಂಜಾಬ್, ಕೇರಳ, ಮಧ್ಯಪ್ರದೇಶ, ತೆಲಂಗಾಣ, ಮಹಾರಾಷ್ಟ್ರದಿಂದ ಶುರು ಮಾಡಿದರು. ರಾಜ್ಯಕ್ಕೆಲ್ಲ ಒಂದೇ ಚಿಕಿತ್ಸಾ ಕ್ರಮ, ಎರಡು ಮೂರೇ ಔಷಧ. ಹೊರಗಿನವರಿಗೆ ಇದು ಸಣ್ಣ ವಿಷಯ ಅನಿಸಬಹುದು, ಖರ್ಚಿನ ದೃಷ್ಟಿಯಿಂದ ಇದೇ ಮುಖ್ಯ. ಹತ್ತು ಡಾಕ್ಟರು ಹತ್ತು ಬ್ರಾಂಡ್ ಬರೆದರೆ ಉಗ್ರಾಣದಲ್ಲಿ ಯಾವುದೂ ಸಾಕಷ್ಟು ಇರುವುದಿಲ್ಲ. ಎಲ್ಲರೂ ಅಮ್ಲೋಡಿಪಿನ್, ಟೆಲ್ಮಿಸಾರ್ಟನ್, ಕ್ಲೋರ್ಥಾಲಿಡೋನ್‌ಗೆ ನಿಂತರೆ ಎಷ್ಟು ಬೇಕೆಂದು ಮೊದಲೇ ಎಣಿಸಬಹುದು, ಒಟ್ಟಿಗೆ ಕೊಳ್ಳಬಹುದು, ದರವೂ ಇಳಿಯುತ್ತದೆ.

ಉಪ್ಪಿನ ಮಾತೂ ಬರಲಿ. ಚೀನಾದ 600 ಹಳ್ಳಿಗಳಲ್ಲಿ, ಲಕ್ವಾ ಆದವರಿಗೆ ಅಥವಾ ಬಿಪಿ ಇದ್ದ ಹಿರಿಯರಿಗೆ, ಕಾಲು ಭಾಗ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿದ ಉಪ್ಪು ಕೊಟ್ಟು ಸುಮಾರು ಐದು ವರ್ಷ ನೋಡಿದರು. ಲಕ್ವಾ 14 ಶೇಕಡಾ ಕಡಿಮೆ. ಇಷ್ಟು ಅಗ್ಗದ ಉಪಾಯ ಇನ್ನೊಂದಿಲ್ಲ. ಆದರೆ ಕಿಡ್ನಿ ತೊಂದರೆ ಇರುವವರಿಗೆ ಆ ಉಪ್ಪು ಅಪಾಯ. ಹಳ್ಳಿಯಲ್ಲಿ ಕಿಡ್ನಿ ಹೇಗಿದೆ ಎಂದು ತೋರಿಸುವ ಕ್ರಿಯಾಟಿನಿನ್ ಪರೀಕ್ಷೆಯೇ ಆಗದೆ ಹಂಚಲು ನನಗೆ ಧೈರ್ಯವಿಲ್ಲ. ಅಲ್ಲಿಯವರೆಗೆ ಊಟದ ತಟ್ಟೆ ಪಕ್ಕ ಉಪ್ಪು, ಉಪ್ಪಿನಕಾಯಿ, ಹಪ್ಪಳ ಇಟ್ಟುಕೊಳ್ಳುವುದನ್ನು ಬಿಡಿಸಿದರೂ ಆದೀತು.


ಮಂಡ್ಯದ ಮಗ
ಮಂಗಳವಾರ, ಬೆಳಿಗ್ಗೆ 5:30

ನಾನು ಆರೋಗ್ಯ ಇಲಾಖೆಯವನಲ್ಲ. ನಮ್ಮಪ್ಪನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಇವತ್ತೂ ಆರು ಗಂಟೆಗೆ ಹೊರಡಬೇಕು, ಅದಕ್ಕೆ ಈ ಹೊತ್ತಲ್ಲಿ ಬರೀತಿದೀನಿ.

ಅಪ್ಪನಿಗೆ ಬಿಪಿ ಇದ್ದದ್ದು ಹತ್ತು ವರ್ಷದ ಹಿಂದೇನೇ ಗೊತ್ತಿತ್ತು. "ತಲೆ ಸುತ್ತಲ್ಲ, ಏನಿಲ್ಲ, ಯಾಕ್ಲಾ ಮಾತ್ರೆ ನುಂಗ್ಬೇಕು" ಅಂತಿದ್ದ. ಒಂದು ಖಾಸಗಿ ಕಡೆ ಬರೆದುಕೊಟ್ಟಿದ್ದ ಮಾತ್ರೆ ತಿಂಗಳಿಗೆ ನಾನೂರೈವತ್ತು ಆಗ್ತಿತ್ತು, ಕಬ್ಬಿನ ದುಡ್ಡು ಬಂದಾಗ ತಗೊಳೋದು, ಇಲ್ಲದಾಗ ಬಿಡೋದು. ಹಾಗೇ ಬಿಪಿಯಿಂದ ಕಿಡ್ನಿ ಹೋಯ್ತು. ಅದೇ ಔಷಧ ಸರ್ಕಾರಿ ಆಸ್ಪತ್ರೇಲಿ ಸಿಗುತ್ತೆ ಅಂತ ಯಾರೂ ಹೇಳಲಿಲ್ಲ. ಈಗ ಡಯಾಲಿಸಿಸ್ ತಾಲ್ಲೂಕು ಆಸ್ಪತ್ರೆಯಲ್ಲಿ ಉಚಿತ, ಸುಳ್ಳು ಹೇಳಬಾರದು. ಆದರೆ ವಾರದಲ್ಲಿ ಮೂರು ದಿನ ನಾನು ಕೆಲಸಕ್ಕಿಲ್ಲ. ವರ್ಷಕ್ಕೆ 156 ದಿನ. ಸಿಸ್ಟರ್ ಹಾಕಿದ ಲೆಕ್ಕದಲ್ಲೇ, ದಿನಕ್ಕೆ 370ರಂತೆ 57,720 ರೂಪಾಯಿ. ನಿನ್ನೆ ರಾತ್ರಿ ಈ ಚರ್ಚೆ ಓದಿ ಮೊದಲ ಸಲ ಕೂಡಿಸಿ ನೋಡಿದೆ. ಅಪ್ಪನಿಗೆ ಹೇಳಿಲ್ಲ.


ಕೊಪ್ಪಳ ಆಶಾ
ಮಂಗಳವಾರ, ಬೆಳಿಗ್ಗೆ 7:00

ತಮ್ಮಾ, ಅಪ್ಪಾಜಿಗೆ ಹೇಳಬ್ಯಾಡ. ನೀನು ಹೊರಡೂ ಮುಂಚೆ ಏನರ ತಿಂದು ಹೋಗು. ನಿನ್ನ ಬಿಪಿನೂ ಒಮ್ಮೆ ತೋರಿಸ್ಕೋ, ಮನ್ಯಾಗ ಒಬ್ಬರಿಗಿದ್ರ ಮಕ್ಕಳಿಗೂ ಬರೂ ಸಾಧ್ಯತೆ ಜಾಸ್ತಿ ಇರತೈತಿ.


ನಿವೃತ್ತ ಫಾರ್ಮಸಿ ಅಧಿಕಾರಿ
ಮಂಗಳವಾರ, ಮಧ್ಯಾಹ್ನ 12:40

ಮೂವತ್ತೊಂದು ವರ್ಷ ಪಿಎಚ್‌ಸಿಯ ಔಷಧ ಕಿಟಕಿ ಹಿಂದೆ ನಿಂತವನು ನಾನು. ಖಾಲಿಯಾಗುವುದು ಹೇಗೆ ಎಂದು ಹೇಳುತ್ತೇನೆ.

ಇಂಡೆಂಟ್ (ಇಷ್ಟು ಔಷಧ ಬೇಕು ಎಂಬ ಬೇಡಿಕೆ) ಹಾಕುವಾಗ ಹೋದ ವರ್ಷ ಎಷ್ಟು ಖರ್ಚಾಯಿತೋ ಅದನ್ನು ನೋಡಿ ಹಾಕುತ್ತೇವೆ. ಹೋದ ವರ್ಷ ಮೂರು ತಿಂಗಳು ದಾಸ್ತಾನೇ ಇರಲಿಲ್ಲ ಅಂದುಕೊಳ್ಳಿ. ಆಗ ಖರ್ಚು ಕಡಿಮೆ ಕಾಣುತ್ತದೆ, ಈ ವರ್ಷ ಇನ್ನೂ ಕಡಿಮೆ ಹಾಕುತ್ತೇವೆ. ಅದರ ಮೇಲೆ ಮನೆಮನೆ ತಪಾಸಣೆಯಲ್ಲಿ ಹೊಸ ರೋಗಿಗಳು ಬರುತ್ತಾರೆ. ಖಾಲಿಯಾಗದೆ ಏನು? ಹಳೆ ಖರ್ಚು ನೋಡದೆ ರಿಜಿಸ್ಟರಿನಲ್ಲಿರುವ ತಲೆ ಎಣಿಸಿ ಇಂಡೆಂಟ್ ಹಾಕಬೇಕು. ನೂರು ಜನರಿಗೆ ದಿನಕ್ಕೊಂದು ಗುಳಿಗೆ ಅಂದರೆ ವರ್ಷಕ್ಕೆ 36,500. ಕೆಲವರಿಗೆ ಎರಡು ಬೇಕಾಗುತ್ತದೆ, ಹೊಸಬರು ಸೇರುತ್ತಾರೆ, ಕಾಲು ಭಾಗ ಹೆಚ್ಚಿಗೆ ಇಡಿ, 45,600 ಆಯಿತು. ಇಷ್ಟು ಸಾಕು, ದೊಡ್ಡ ವಿದ್ಯೆ ಬೇಡ.

ಇನ್ನೊಂದು, ಬಿಪಿ ಹತೋಟಿಗೆ ಬಂದು ಸ್ಥಿರವಾಗಿರುವವರಿಗೆ ಡಾಕ್ಟರ ಒಪ್ಪಿಗೆ ಮೇಲೆ ಎರಡು ತಿಂಗಳದ್ದು ಒಟ್ಟಿಗೆ ಕೊಡಿ. ಅದೇ ಗುಳಿಗೆ, ಸರ್ಕಾರಕ್ಕೆ ಒಂದು ಪೈಸೆ ಹೆಚ್ಚಿಲ್ಲ. ರೋಗಿಗೆ ಹನ್ನೆರಡು ಓಡಾಟ ಆರಾಗುತ್ತದೆ, 2,220 ರೂಪಾಯಿ ಕೂಲಿ ಉಳಿಯುತ್ತದೆ. ನನ್ನ ಸೇವೆಯಲ್ಲಿ "ಜಾಸ್ತಿ ಕೊಟ್ಟರೆ ಮಾರಿಕೊಳ್ತಾರೆ" ಅನ್ನುವ ಮಾತನ್ನು ಎಷ್ಟು ಸಲ ಕೇಳಿದೆನೋ. ಒಂದು ರೂಪಾಯಿಯ ಬಿಪಿ ಗುಳಿಗೆ ಮಾರಿಕೊಂಡವರನ್ನು ನಾನು ನೋಡಿಲ್ಲ. ಖಾಲಿ ಕಿಟಕಿ ನೋಡಿ ತಿರುಗಿ ಹೋದವರನ್ನು ದಿನಾ ನೋಡಿದ್ದೇನೆ. ಅವರ ಮುಖ ಈಗಲೂ ಕಣ್ಣ ಮುಂದಿದೆ.


ತಾಲ್ಲೂಕು ಆಸ್ಪತ್ರೆ ಡಾಕ್ಟರು
ಮಂಗಳವಾರ, ರಾತ್ರಿ 9:00

ಸ್ಥಿರವಾಗಿರುವವರಿಗೆ ಎರಡು ತಿಂಗಳದ್ದು ಕೊಡಲು ನನ್ನ ಒಪ್ಪಿಗೆ ಇದೆ, ನನ್ನ ಹೊರರೋಗಿ ವಿಭಾಗದಲ್ಲಿ ಹೀಗೆ ಮಾಡುತ್ತಲೂ ಇದ್ದೇನೆ. ಒಂದು ಷರತ್ತು: ನಡುವಿನ ತಿಂಗಳಲ್ಲಿ ಊರಲ್ಲೇ ಒಮ್ಮೆ ಬಿಪಿ ನೋಡಬೇಕು. ಐದು ನಿಮಿಷ ಕೂರಿಸಿ, ಬೆನ್ನಿಗೆ ಆಸರೆ ಕೊಟ್ಟು, ಅರ್ಧ ಗಂಟೆ ಮೊದಲಿನಿಂದ ಚಹಾ-ಬೀಡಿ ಇಲ್ಲದೆ, ಎರಡು ಸಲ. ದಪ್ಪ ತೋಳಿಗೆ ದೊಡ್ಡ ಪಟ್ಟಿ. ಓಡಿಬಂದವರ ತೋಳಿಗೆ ಅಂಗಿ ಮೇಲೇ ಸುತ್ತಿ ನೋಡಿದ ಅಂಕಿಯನ್ನು ನಂಬಿ ಡೋಸ್ ಏರಿಸಿದರೆ ಅದೂ ದಂಡದ ಖರ್ಚೇ.

ಒಂದೇ ಕಡೆ ಮುಖ ತಗ್ಗುವುದು, ಕೈ ಬೀಳುವುದು, ಮಾತು ತೊದಲುವುದು ಕಂಡರೆ ತಕ್ಷಣ 108ಕ್ಕೆ ಕರೆ ಮಾಡಿ ಎಂದು ಪ್ರತಿ ಮನೆಯಲ್ಲೂ ಹೇಳಿ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಚುಚ್ಚುಮದ್ದು ಕೊಡಲು, ಲಕ್ಷಣ ಶುರುವಾದಾಗಿನಿಂದ, ಇರುವುದು ನಾಲ್ಕೂವರೆ ತಾಸು ಮಾತ್ರ.


ರಾಯಚೂರು ಸಿಎಚ್‌ಒ
ಗುರುವಾರ, ರಾತ್ರಿ 10:20

ಇಷ್ಟು ಜನ ಇಷ್ಟು ಮನಸ್ಸಿಟ್ಟು ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ನಿನ್ನೆ ನಮ್ಮ ಪಿಎಚ್‌ಸಿ ಡಾಕ್ಟರಿಗೆ ಮೂರು ಹಾಳೆ ಬರೆದುಕೊಟ್ಟೆ. ಒಂದರಲ್ಲಿ ಫಾರ್ಮಸಿ ಸರ್ ಹೇಳಿದಂತೆ ತಲೆ ಎಣಿಸಿದ ಇಂಡೆಂಟ್. ಇನ್ನೊಂದರಲ್ಲಿ ಕಳೆದ ಮೂರು ಭೇಟಿಯಲ್ಲೂ 140ರ ಒಳಗಿದ್ದವರ ಹೆಸರು, ಎರಡು ತಿಂಗಳ ಗುಳಿಗೆಗೆ. ಮೂರನೆಯದರಲ್ಲಿ ಆಶಾ ಅಕ್ಕಂದಿರು ಬಿಪಿಗೆಂದು ಎಷ್ಟು ಮನೆ, ಎಷ್ಟು ತಾಸು ತಿರುಗಿದರು ಎಂಬ ಲೆಕ್ಕ. ಅದನ್ನು ಇಷ್ಟು ದಿನ ನಾನೂ ಬರೆದಿಟ್ಟಿರಲಿಲ್ಲ. ಮೊದಲೆರಡಕ್ಕೆ ಸಹಿ ಬಿದ್ದಿದೆ. ಮೂರನೆಯದನ್ನು ಮೇಲೆ ಕಳಿಸುತ್ತೇನೆ ಅಂದಿದ್ದಾರೆ.

ಸಿಂಗಪುರದ ಸರ್, ರಿಜಿಸ್ಟರಿನಲ್ಲಿ ಒಂದು ಹೊಸ ಕಾಲಂ ಗೆರೆ ಹಾಕಿದ್ದೇನೆ, "ಗುಳಿಗೆಗಾಗಿ ತಪ್ಪಿದ ಕೂಲಿ ದಿನ" ಅಂತ. ಆರು ತಿಂಗಳು ತುಂಬಿ ನಿಮಗೆ ಕಳಿಸುತ್ತೇನೆ, ಹೆಸರು ತೆಗೆದು. ಸಮಾಜದ ಕಡೆ ನಿಂತು ಲೆಕ್ಕ ಹಾಕಿಕೊಡುವಿರಾ?

ಕಾಕಾ ಇವತ್ತು ಕಟ್ಟೆ ಮೇಲೆ ಕೂತಿದ್ದರು. ಎಡಗೈಯಿಂದ ಗುಳಿಗೆ ಪಟ್ಟಿ ತೋರಿಸಿದರು, ಏಳು ಖಾಲಿ. ಕಾಕಿಗೆ ಬಿಪಿ ನೋಡಿದೆ, 156. ನಾಳೆ ಬೆಳಿಗ್ಗೆ ಮತ್ತೊಮ್ಮೆ ನೋಡಲು ಹೋಗುತ್ತಿದ್ದೇನೆ, ಅವರು ಹೊಲಕ್ಕೆ ಹೊರಡುವ ಮುಂಚೆ. ಪಕ್ಕದ ಮನೆಯವರು ಕಾಕಾನನ್ನು ನೋಡಿಕೊಳ್ಳಲು ಒಪ್ಪಿದ್ದಾರಂತೆ.


ಸಿಂಗಪುರದ ಲೆಕ್ಕಿಗ
ಗುರುವಾರ, ರಾತ್ರಿ 11:58

ಖಂಡಿತ ಹಾಕಿಕೊಡುತ್ತೇನೆ. ಇನ್ನೊಂದು ಕಾಲಂ ಸೇರಿಸಿ ಸಿಸ್ಟರ್: ಜತೆಗೆ ಬಂದವರ ಕೂಲಿ ದಿನ.